ಶಬಾನಾ ಕೊಟ್ಟ ಒಂದು ಗುದ್ದು

ಕಳೆದ ವಾರ ನಾನು ಹುಡುಗಿ ನೋಡಲು ಹೋಗಿದ್ದೆ.

(ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಮದುವೆಗೆ ನಿಂತ ಗಂಡು ಯಾರೂ ಇಲ್ಲ.)

ಮೂಡಿಗೆರೆಯ ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿರುವ ಗಿರೀಶ ನನ್ನ ಹಳೆಯ ಸಹಪಾಠಿ. ನಾನೂ ಒಂದು ಕಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಆ ಮಾತು ಬೇರೆ. ಅವನ ಫೋನ್ ಬಂತು. "ಮಂಗಳೂರಿಂದ ಒಬ್ಳು ಹುಡುಗಿ ನಮ್ಮ ಕಾಲೇಜಿಗೆ ಬಂದಿದ್ದಾಳೆ ಮಾರಾಯ್ತಿ. ಗಾರ್ಡ್. ಆಟ ಚಂದ, ಆದ್ರೆ ಟೀಮಿಗೆ ಸೆಟ್ ಆಗ್ತಾಳೋ ಇಲ್ವೋ ಗೊತ್ತಾಗ್ತಿಲ್ಲ. ಮುಂದಿನ ಶನಿವಾರ ಚಿಕ್ಕಮಗಳೂರಲ್ಲಿ ಮ್ಯಾಚು. ಅದಕ್ಕೆ ಮೊದ್ಲು ಒಂಚೂರು ಪ್ರಾಕ್ಟೀಸಿಗೆ ಬಂದು ನೋಡು."

ಹುಡುಗಿಯ ಹೆಸರು ಸಿಂಚನ. ಬಣಕಲ್ ಹತ್ತಿರದ ಕಾಫಿ ಎಸ್ಟೇಟ್ ಮನೆಯವಳು. ಹಾಸ್ಟೆಲ್ ಊಟ ಒಗ್ಗದೆ ಊರಿಗೆ ವಾಪಸಾದವಳು. ಕಾಲೇಜಿನ ಕೋರ್ಟ್ ಪಾಚಿಗಟ್ಟಿ ಜಾರುತ್ತಿದ್ದುದರಿಂದ ಅಭ್ಯಾಸ ಅವರ ಮನೆಯಲ್ಲೇ ನಡೆಯುತ್ತಿತ್ತು. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೂಲೆಯಲ್ಲಿ ಅಪ್ಪ ಮಗಳಿಗೆಂದು ಕಂಬ ನೆಟ್ಟು ರಿಂಗ್ ಹಾಕಿಸಿದ್ದರು. ಕೊಯ್ಲಿಗೆ ಇನ್ನೂ ಸಮಯವಿತ್ತು, ಕಣ ಖಾಲಿ. ನಾನೂ ಅಲ್ಲಿಗೇ ಹೋದೆ.

ಏನು ಆಟ ಅಂತೀರಿ! ಚೆಂಡು ಹಿಡಿದು ಹೊರಟಳೆಂದರೆ ನೇರ ರಿಂಗ್‌ಗೇ. ತಡೆಯುವವರೇ ಇಲ್ಲ. ಆದರೆ ಒಂದು ಪಾಸಾದರೂ? ಊಹ್ಞೂಂ. ಆಟ ಕಟ್ಟಿ ಉಳಿದವರಿಗೆ ಚೆಂಡು ಹಂಚಬೇಕಾದ ಗಾರ್ಡೇ ಹೀಗಾದರೆ ಹೇಗೆ?

"ಸ್ವಾರ್ಥಿ ಕಣೋ," ಎಂದೆ ಗಿರೀಶನಿಗೆ. "ಇವಳನ್ನು ಬೆಂಚಲ್ಲೇ ಕೂರಿಸು."

ಅಷ್ಟರಲ್ಲಿ ಅವಳ ಅಮ್ಮ ಎಲ್ಲರಿಗೂ ಬಿಸಿ ಕಡುಬು, ಕಾಫಿ ತಂದಿಟ್ಟು ಜಗುಲಿಯಲ್ಲಿ ಕೂತರು. ಆಟ ಮತ್ತೆ ಶುರುವಾಯಿತು. ಆಗ ನೋಡಿದೆ. ತಂಡದ ಕ್ಯಾಪ್ಟನ್ ಶಬಾನಾ ಚೆಂಡು ಕಸಿಯಲು ಕೈ ಚಾಚಿದವಳು, ಸಿಂಚನ ಹತ್ತಿರ ಬಂದೊಡನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಉಳಿದವರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮದುವೆ ಮನೆಯಲ್ಲಿ ಬೀಗರಿಗೆ ಬಿಡುತ್ತಾರಲ್ಲ, ಹಾಗೆ.

ಶಬಾನಾ ಬಣಕಲ್‌ನ ಮೆಕ್ಯಾನಿಕ್ ಒಬ್ಬರ ಮಗಳು. ಯಾರಿಗೂ ಹೆದರುವ ಪೈಕಿ ಅಲ್ಲ. ಕರೆದು ಕೇಳಿದೆ, "ಯಾಕೆ ಬಿಟ್ಟೆ?"

"ಅವ್ರದ್ದೇ ಕಣ ಅಲ್ವಾ ಅಕ್ಕ? ಅಮ್ಮಾವ್ರು ಬೇರೆ ಅಲ್ಲೇ ಕೂತಿದ್ದಾರೆ. ಅವ್ರ ಮನೆ ಕಡುಬು ತಿಂದು ಅವ್ರ ಮಗಳನ್ನೇ ಬೀಳ್ಸೋದಾ?"

ನಮ್ಮ ಮಲೆನಾಡಿನ ಸೌಜನ್ಯ ನೋಡಿ! ಡಿಫೆನ್ಸ್‌ನಲ್ಲೂ ದಾಕ್ಷಿಣ್ಯ.

ಹೊರಡುವಾಗ ಸಿಂಚನ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. "ಆಂಟಿ, (ಇರಲಿ, ಕ್ಷಮಿಸಿದೆ) ಸರ್ ಹತ್ರ ನಂಗೆ ಟೀಮ್ ಬೇಡ ಅಂತ ಹೇಳ್ತೀರಾ? ಇಲ್ಲಿ ಯಾರಿಗೂ ನಾನು ಬೇಡ. ಒಬ್ರೂ ಅಡ್ಡ ಬರಲ್ಲ, ಒಬ್ರೂ ಬಾಲ್ ಕೇಳಲ್ಲ. ಕೇಳದೇ ಇರೋರಿಗೆ ಹೇಗೆ ಕೊಡ್ಲಿ? ಮಂಗಳೂರಲ್ಲಿ ಮಂಡಿ ತುಂಬಾ ಗಾಯ ಇರ್ತಿತ್ತು. ಇಲ್ಲಿಗೆ ಬಂದ್ಮೇಲೆ ಒಂದು ತರಚೂ ಇಲ್ಲ." ಕಣ್ಣು ತುಂಬಿತ್ತು. ಇದೇ ಮಗುವನ್ನು ಸ್ವಾರ್ಥಿ ಅಂದಿದ್ದೆನಲ್ಲ!

"ನಾಳೆ ಒಂದಿನ ಬಾ. ಆಮೇಲೆ ಹೇಳ್ತೀನಿ," ಎಂದೆ.

ಗಿರೀಶನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ: ಆ ಕಣ ಬಿಡು. ಮರುದಿನ ಇಡೀ ತಂಡ ಕಾಲೇಜು ಕೋರ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದು, ತೆಂಗಿನಕಡ್ಡಿ ಪೊರಕೆ ಹಿಡಿದು ಪಾಚಿ ಉಜ್ಜಿತು. ಸಿಂಚನಳೂ ಉಜ್ಜಿದಳು. ಕೆಟ್ಟದಾಗಿ ಉಜ್ಜಿದಳು, ಬೈಸಿಕೊಂಡಳು.

ಕೋರ್ಟ್ ಒಣಗಿದ ಮೇಲೆ ಆಟ. ಸಿಂಚನ ಎಂದಿನಂತೆ ರಿಂಗ್‌ನತ್ತ ನುಗ್ಗಿದಳು. ಈ ಸಲ ಶಬಾನಾ ಸರಿಯಲಿಲ್ಲ. ಭುಜಕ್ಕೆ ಭುಜ ಕೊಟ್ಟಳು ನೋಡಿ! ಹುಡುಗಿ ದೊಪ್ಪೆಂದು ಬಿದ್ದಳು. ಶಬಾನಾಳ ಮುಖ ಬಿಳುಚಿತು.

ಸಿಂಚನ ಕೂತಲ್ಲೇ ತರಚಿದ ಮಂಡಿ ನೋಡಿಕೊಂಡಳು. ಆಮೇಲೆ ಬಾಯ್ತುಂಬ ನಕ್ಕು, "ಸರ್, ಫೌಲ್!" ಎಂದು ಕೂಗಿದಳು.

"ಫೌಲೂ ಇಲ್ಲ ಎಂಥದೂ ಇಲ್ಲ. ಏಳೇ ಮಾರಾಯ್ತಿ!" ಎಂದಳು ಶಬಾನಾ.

ಮುಂದಿನ ಸಲ ಚೆಂಡು ಸಿಕ್ಕಾಗ "ಇಲ್ಲಿ ಕೊಡೇ!" ಎಂದು ಮೂರು ಕಡೆಯಿಂದ ಕೂಗು. ಸಿಂಚನ ಕೊಟ್ಟಳು. ಎಷ್ಟು ಚಂದದ ಪಾಸ್ ಅಂದರೆ, ನನಗೆ ಎದ್ದು ಚಪ್ಪಾಳೆ ತಟ್ಟದೆ ಇರಲಾಗಲಿಲ್ಲ. ಈ ಶನಿವಾರದ ಮ್ಯಾಚಿಗೆ ಮೊದಲ ಐವರಲ್ಲಿ ಅವಳಿರುತ್ತಾಳೆ.

ಮರ್ಯಾದೆ ಕೊಟ್ಟು ಕೊಟ್ಟೇ ನಾವು ಇನ್ನೂ ಎಷ್ಟು ಜನರನ್ನು ಆಟದಿಂದ ಹೊರಗೆ ನಿಲ್ಲಿಸಿದ್ದೇವೋ?