ಮಾವನವರು ಸುಟ್ಟ ಅರ್ಧ ಗದ್ದೆ

ನಮ್ಮ ಕ್ಯಾತನಹಳ್ಳಿ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಒಣ ತರಗಿಗೆ ಬೆಂಕಿ ಇಡುವುದು ಅಂಗಳ ಗುಡಿಸಿದಷ್ಟೇ ಸಹಜ. ಸುಡದೆ ಬಿಟ್ಟವರನ್ನು ಸೋಮಾರಿಗಳು ಅನ್ನುತ್ತಾರೆ. ಗದ್ದೆಯವರು ಊರಲ್ಲಿಲ್ಲದಿದ್ದರೆ ಪಕ್ಕದವರೇ ಕಡ್ಡಿ ಗೀರಿ ಉಪಕಾರ ಮಾಡುತ್ತಾರೆ. ಆ ಉಪಕಾರ ಒಮ್ಮೆ ನನ್ನ ಮಾನ ಕಳೆಯುವುದರಲ್ಲಿತ್ತು.

ಆ ವರ್ಷ ಪಂಚಾಯ್ತಿಯಲ್ಲಿ ಸಭೆ ಕರೆದಿದ್ದರು. ಹೊಗೆ ಕಡಿಮೆಯಾಗಬೇಕು, ಆದಾಯ ಹೆಚ್ಚಬೇಕು, ಅಂಥ ಯೋಜನೆಯೊಂದನ್ನು ಊರಿನವರೇ ಬರೆಯಬೇಕಂತೆ. ಬಂದಿದ್ದ ಅಧಿಕಾರಿ ಇಂಗಾಲ, ಹವಾಮಾನ ಅಂತ ಹೇಳುತ್ತಲೇ ಹೋದರು, ಹಿಂದಿನ ಸಾಲಿನವರು ಆಕಳಿಸುತ್ತಲೇ ಹೋದರು. ಕೊನೆಗೆ, ತರಗು ಸುಡದೆ ಹಾಗೇ ಹರಡಿ, ಕಡಿದ ಬುಡದಿಂದ ಮತ್ತೆ ಕಬ್ಬು ಚಿಗುರಿಸಲು ಯಾರು ತಯಾರಿದ್ದೀರಿ ಎಂದು ಕೇಳಿದರು. ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದರು. ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ‘ನಮ್ಮದು ಒಂದೆಕರೆ ಬರ್ಕೊಳಿ’ ಅಂದುಬಿಟ್ಟೆ. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಊರಿನ ಯೋಜನೆಗೆ ಸೇರಿಸುವುದು, ಬರದಿದ್ದರೆ ಆ ಮಾತೇ ಬೇಡ ಎಂದು ತೀರ್ಮಾನವಾಯಿತು. ಮನೆಯವರು ಪಾಂಡವಪುರದಲ್ಲಿ ಕೆಲಸಕ್ಕಿದ್ದಾರೆ, ಗದ್ದೆಯೆಲ್ಲ ನನ್ನ ಪಾಲಿಗೆ.

ಕಬ್ಬು ಕಡಿಸಿದ ಮಾರನೇ ದಿನ, ಅಮ್ಮನಿಗೆ ಹುಷಾರಿಲ್ಲವೆಂದು ಅಕ್ಕಿಹೆಬ್ಬಾಳಿನ ತವರಿಗೆ ಹೋದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಅರ್ಧ ಗದ್ದೆ ಕರ್ರಗಾಗಿದೆ! ಪಕ್ಕದ ಗದ್ದೆಯ ಹಿರಿಯರು, ವರಸೆಯಲ್ಲಿ ನನಗೆ ಮಾವ, ಬದುವಿನ ಮೇಲೆ ನಗುತ್ತಾ ನಿಂತಿದ್ದರು. ಸಭೆಗಿಭೆಗೆ ಬರುವ ಪೈಕಿಯಲ್ಲ ಅವರು.

‘ನೀನು ಊರಲ್ಲಿರ್ನಿಲ್ವಲ್ಲ ಕಣವ್ವ, ಅದ್ಕೆ ನಾನೇ ಬೆಂಕಿ ಇಕ್ಬುಟ್ಟೆ. ಕಾಲ್ವೆ ಅಡ್ಡ ಬಂದು ಅರ್ಧ ಉಳ್ಕತು. ಅದ್ನೂ ಸಂಜೆಗೆ ಸುಟ್ಬುಡ್ತೀನಿ ಬುಡು.’

ನನಗೆ ಮೈಯೆಲ್ಲ ಉರಿದುಹೋಯಿತು. ‘ನಿಮ್ಗೆ ಯಾರು ಏಳುದ್ರು ಮಾವ? ಅಂಗೇ ಮನೆಗೂ ಇಕ್ಬುಡ್ಬೇಕಾಗಿತ್ತು!’ ಅಂದೆ.

ಅವರ ಮುಖ ಸಣ್ಣದಾಯಿತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವತ್ತಿನಿಂದ ಮಾತು ನಿಂತಿತು. ಒಳ್ಳೆಯದು ಮಾಡಲು ಬಂದವರಿಗೆ ಹಾಗಂದೆನಲ್ಲ ಎಂದು ಆಮೇಲೆ ಅನ್ನಿಸಿತು, ಆದರೂ ಹೋಗಿ ಮಾತಾಡಿಸಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವವಳು ನಾನು.

ಬೇಸಿಗೆಯಲ್ಲಿ ನಾಲೆಗೆ ನೀರು ಬಿಡುವುದು ತಡವಾಯಿತು. ಸುಟ್ಟ ಅರ್ಧದಲ್ಲಿ ನೆಲ ಬಿರುಕು ಬಿಟ್ಟು ಪೈರು ಬಾಡಿತು. ಇನ್ನರ್ಧದಲ್ಲಿ ತರಗು ಸರಿಸಿದರೆ ಮಣ್ಣು ತಣ್ಣಗಿತ್ತು, ಎರೆಹುಳು ಸಿಗುತ್ತಿದ್ದವು, ಕಬ್ಬು ಹಸಿರಾಗಿ ನಿಂತಿತ್ತು. ಒಂದು ಬೆಳಿಗ್ಗೆ ಮಾವ ಅಲ್ಲಿ ಕುಕ್ಕರಗಾಲಲ್ಲಿ ಕೂತು, ತರಗಿನಡಿಗೆ ಕೈಹಾಕಿ ಮಣ್ಣು ಮುಟ್ಟಿ ನೋಡುವುದು ಕಂಡಿತು. ನಾನು ಕಾಣದವಳ ಹಾಗೆ ದಾರಿ ಬದಲಿಸಿದೆ. ಅವತ್ತೆಲ್ಲ ಖುಷಿಯಾಗಿದ್ದೆ.

ಅಧಿಕಾರಿ ಬಂದು ನೋಡಿ, ಸುಟ್ಟದ್ದು, ಸುಡದ್ದು ಎರಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಯಾರಿಗೂ ಬಾಯಲ್ಲಿ ಹೇಳಬೇಕಾಗಿಲ್ಲ ಎಂದರು. ತರಗು ಸುಡದಿರುವುದು ಊರಿನ ಯೋಜನೆಗೆ ಸೇರಿತು. ಅರ್ಧ ಸುಟ್ಟವರು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಸಲ ಕಬ್ಬು ಕಡಿಸಿದ ದಿನ ಮಾವ ತಾವಾಗೇ ಬಂದು ಜಗಲಿಯ ಮೇಲೆ ಕೂತರು. ನಾನು ಕಾಫಿ ತಂದುಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಅವರು ನೆಲ ನೋಡುತ್ತಲೇ ಅಂದರು:

‘ತವ್ರಿಗೆ ಓಗೋದಿದ್ರೆ ಓಗ್ಬುಟ್ ಬಾರವ್ವ. ಯಾರೂ ಬೆಂಕಿ ಇಕ್ಕದಂಗೆ ಗದ್ದೆ ನಾನು ಕಾಯ್ತೀನಿ.’