ಅಂಕಲ್ ಬಿಟ್ಟುಹೋದ ಪಿಜ್ಜಾ ಕಲ್ಲು

ಜೋಳದ ಹಿಟ್ಟು ಸೀದ ವಾಸನೆ ಬಂದರೆ ಆ ಅಂಕಲ್ ನೆನಪಾಗುತ್ತಾರೆ. ನೆನಪಾಗಲೆಂದು ನಾನೇನೂ ಬಯಸುವುದಿಲ್ಲ. ಆದರೆ ಅವರು ಪಿಜ್ಜಾ ಬೇಯಿಸುತ್ತಿದ್ದ ಕಲ್ಲು ಈಗ ನಮ್ಮ ಓವನ್‌ನಲ್ಲಿದೆ, ಅದರ ಮೇಲೆ ನಾನು ರೊಟ್ಟಿ ಖಡಕ್ ಮಾಡುತ್ತೇನೆ.

ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಮಂಗಳೂರು ಕಡೆಯವರು, ಎಲ್ ಸೆಗುಂಡೋದಲ್ಲಿ ಇಂಜಿನಿಯರಾಗಿ ರಿಟೈರಾದವರು. ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ನಾವು ಒಂದಿಷ್ಟು ಸ್ತೋತ್ರ ಕಲಿತೆವು, ಇವರು ಪಿಜ್ಜಾ ಕಲಿತರು. ಕಲಿತು ಸುಮ್ಮನಿದ್ದರೆ... ಬೇಲಿಯಾಚೆಯಿಂದ ದಿನವೂ ಪಾಠ. ಪಿಜ್ಜಾ ಹುಟ್ಟಿದ್ದು ನೇಪಲ್ಸಿನ ಬಡವರ ಬೀದಿಯಲ್ಲಂತೆ, ಅದು ತೆಳ್ಳಗೆ ಮೆತ್ತಗಿರಬೇಕಂತೆ. ನ್ಯೂಯಾರ್ಕಿನದು ಮಡಚಿ ತಿನ್ನುವುದು, ಶಿಕಾಗೋದ್ದು ಅಂಗೈ ದಪ್ಪ, ಡೆಟ್ರಾಯಿಟ್‌ನದು ಕಾರ್ ಫ್ಯಾಕ್ಟರಿಯ ತಗಡಿನ ಟ್ರೇಯಲ್ಲಿ ಬೆಂದದ್ದು. ನಮ್ಮ ಕ್ಯಾಲಿಫೋರ್ನಿಯಾದವರಂತೂ ಸಿಕ್ಕಿದ್ದನ್ನೆಲ್ಲ ಮೇಲೆ ಹಾಕುವ ದಡ್ಡರಂತೆ. ಬಡವರ ತಿಂಡಿಗೆ ಇಟಲಿಯಿಂದ ಹಿಟ್ಟು ತರಿಸುವ ಮನುಷ್ಯನಿಗೆ ಏನು ಹೇಳುವುದು? ಹೂಂಗುಟ್ಟಿ ಒಳಗೆ ಬರುತ್ತಿದ್ದೆ.

ಆ ವರ್ಷ ವಿಮಾನವಿಲ್ಲದೆ ಅತ್ತೆ ಧಾರವಾಡಕ್ಕೆ ಮರಳಲಾಗದೆ ನಮ್ಮಲ್ಲೇ ಉಳಿದಿದ್ದರು. ಮೊಟ್ಟೆ ತಾಗಿದ ಚಮಚವನ್ನೂ ಮುಟ್ಟದವರು. ನಿಮ್ಮ ಆಚಾರ ಕೆಡದಂತೆ ನೋಡಿಕೊಳ್ಳುತ್ತೇನೆಂದು ದೇವರ ಮುಂದೆ ಮಾತು ಕೊಟ್ಟು ಅವರನ್ನು ಕರೆತಂದಿದ್ದೆ.

ಚೌತಿಯ ದಿನ ಹಿತ್ತಲಲ್ಲಿ ಗಣಪನನ್ನು ಕೂರಿಸಿ, ಎರಡೂ ಮನೆಯವರು ದೂರದೂರ ಕೂತಿದ್ದೆವು. ಅಂಕಲ್ ನೈವೇದ್ಯಕ್ಕೆಂದು ಪಿಜ್ಜಾ ತಂದರು. ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲವೆಂಬುದೇ ದೊಡ್ಡ ಉಪಕಾರ ಎಂಬಂತೆ ಹೇಳಿದರು. ನಾನು ಕರ್ಪೂರ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗಣಪನಿಗೆ ತೋರಿಸಿ, ಅತ್ತೆಯ ಕೈಗೂ ಒಂದು ತುಂಡು ಕೊಟ್ಟಾಗಿತ್ತು.

"ಅಂಕಲ್, ಚೀಸ್ ಯಾವುದು?"

"ಒರಿಜಿನಲ್ ಮಾರಾಯ್ರೆ. ಹಾಲು ಗಟ್ಟಿಯಾಗ್ಲಿಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಹಾಕುದು. ಇಲ್ಲದಿದ್ರೆ ಅದನ್ನು ನೇಪಲ್ಸಿನದ್ದು ಅಂತ ಹೇಳ್ಲಿಕ್ಕೇ ಆಗುದಿಲ್ಲ."

ಜಂಬದಿಂದ ಹೇಳಿದರು. ಊರೂರಿನ ಪಿಜ್ಜಾ ಬಲ್ಲ ಪುಣ್ಯಾತ್ಮನಿಗೆ ಗಣಪನೆದುರು ಏನಿಡಬಾರದೆಂದು ಗೊತ್ತಿರಲಿಲ್ಲ. ಅತ್ತೆಯತ್ತ ಓಡಿದೆ. ಅವರ ಹಲ್ಲಿನ ಸೆಟ್ ಮನೆಯೊಳಗೆ ನೀರಿನ ಬಟ್ಟಲಲ್ಲಿತ್ತು. ತುಂಡನ್ನು ಬೆರಳಿನಿಂದ ಬಗ್ಗಿಸಲು ನೋಡಿ, ಬಗ್ಗದೆ, ಕೈಯಲ್ಲೇ ಹಿಡಿದು ಕೂತಿದ್ದರು.

"ಇದು ತಿನ್ನೂದಲ್ಲ ಬಿಡವ್ವಾ, ಚಪ್ಪಲಿ ತಳಕ್ಕ ಅಟ್ಟಿ ಹಚ್ಚೂದು," ಎಂದರು ಅಂಕಲ್‌ಗೆ ಕೇಳುವಂತೆ.

ದೇವರು ದೊಡ್ಡವನು. ಆ ಮನುಷ್ಯನಿಗೆ ಕೈಗುಣ ಕೊಡದೆ ನಮ್ಮ ಅತ್ತೆಯನ್ನು ಕಾಪಾಡಿದ.

ಅಂಕಲ್ ಸಾರಿ ಎನ್ನಲಿಲ್ಲ. "ನಿಮ್ಮ ರೊಟ್ಟಿಯೂ ಗಟ್ಟಿಯೇ ಅಲ್ವಾ," ಎಂದು ತಟ್ಟೆ ಎತ್ತಿಕೊಂಡು ಹೋದರು. ಗಣಪನಿಗೆ ನಾನು ಮತ್ತೆ ಮಡಿಯಲ್ಲಿ ಕಡುಬು ಬೇಯಿಸಬೇಕಾಯಿತು.

ಮುಂದೆ ಅಂಕಲ್ ಮಗಳ ಮನೆಗೆಂದು ಸ್ಯಾನ್ ಡಿಯಾಗೋಗೆ ಹೋದರು. ಅಲ್ಲಿಂದಲೂ ಫೋನಿನಲ್ಲಿ ಪಾಠ... ಕಳೆದ ಚಳಿಗಾಲದಲ್ಲಿ ಅದೂ ನಿಂತಿತು. ಅಂತ್ಯಕರ್ಮಗಳೆಲ್ಲ ಮುಗಿದ ಮೇಲೆ ಮಗಳು ಅಷ್ಟು ದೂರದಿಂದ ಡ್ರೈವ್ ಮಾಡಿ ಈ ಕಲ್ಲನ್ನು ತಂದುಕೊಟ್ಟಳು. ನನ್ನ ಮಾತನ್ನು ನಿಂತು ಕೇಳುತ್ತಿದ್ದವರು ಅವರೊಬ್ಬರೇ, ಅವರಿಗೇ ಕೊಡು ಎಂದು ಅಂಕಲ್ ಹೇಳಿದ್ದರಂತೆ.

ಹುಣಸೆಹಣ್ಣು ಹಾಕಿ ತಿಕ್ಕಿ, ಗಂಗಾಜಲ ಚಿಮುಕಿಸಿ ಕಲ್ಲನ್ನು ಒಳಗೆ ತೆಗೆದುಕೊಂಡೆ. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಒಳ್ಳೆಯವರು, ಮಾತೇ ಆಡುವುದಿಲ್ಲ. ಇವತ್ತು ರೊಟ್ಟಿ ತುಸು ಹೆಚ್ಚೇ ಗಟ್ಟಿಯಾಗಿತ್ತು... ಬೇಲಿಯ ಕಡೆ ನೋಡಿದೆ. ಯಾರೂ ಏನೂ ಅನ್ನಲಿಲ್ಲ.