ಡೈವರ್ ಅಂಬಾರಾಯ ಮತ್ತು ಹವಳದ ದಿಬ್ಬ

ಕಲಬುರಗಿ ಕಡೆಯ ಅಂಬಾರಾಯ ಭೀಮಾ ನದಿಯಲ್ಲಿ ಈಜು ಕಲಿತವನು. ಠಾಣೆ ಊರಿನಲ್ಲಿ ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಕಟ್ಟುತ್ತಿದ್ದ ಸೇತುವೆಯ ಜಲ್ಲಿ ಹೊರಲು ಬಂದಿದ್ದ. ಒಂದು ದಿನ ನೀರಿಗೆ ಬಿದ್ದ ಸರಪಳಿಯನ್ನು ಮುಳುಗಿ ತಂದುಕೊಟ್ಟ. ಅದನ್ನು ಕಂಡ ಗುತ್ತಿಗೆದಾರ ಅವನ ತಲೆಯಿಂದ ಬುಟ್ಟಿ ಇಳಿಸಿ, ಡೈವರ್ ಕೆಲಸ ಕಲಿಸಿದ.

೧೯೭೪ರಲ್ಲಿ ಕೊಂಕಣದ ಒಂದು ಸಣ್ಣ ಬಂದರಿಗೆ ಅವನನ್ನು ಕಳಿಸಿದರು. ಹಡಗು ನಿಲ್ಲುವ ಜೆಟ್ಟಿ ಕಟ್ಟಲು ನೀರೊಳಗಿನ ದಿಬ್ಬವನ್ನು ಸಿಡಿಮದ್ದು ಇಟ್ಟು ಒಡೆಯಬೇಕಿತ್ತು. ಮೀನುಗಾರರು ಅಡ್ಡ ನಿಂತರು. ಅದು ಬರೀ ಬಂಡೆಯಲ್ಲ, ಮೀನು ಮರಿಯಾಗುವ ಜಾಗ ಎಂಬುದು ಅವರ ವಾದ. ಮೂರು ದಿನ ಜಗಳವಾದ ಮೇಲೆ ಅವರ ಹಿರಿಯ, ದೋಣಿ ನಡೆಸುವ ತಾಂಡೇಲ, ಕೆಳಗಿಳಿದವನು ಏನು ಹೇಳುತ್ತಾನೋ ಅದಕ್ಕೆ ಒಪ್ಪುತ್ತೇವೆ ಎಂದ.

ಅಂಬಾರಾಯ ಇಳಿದ. ಬೆಳಕು ನೀರೊಳಗೆ ಓರೆಯಾಗಿ ಬಿದ್ದಿತ್ತು. ಹೂಕೋಸಿನಂಥ, ಜಿಂಕೆಯ ಕೊಂಬಿನಂಥ, ದೊಡ್ಡ ತಟ್ಟೆಯಂಥ ಏನೇನೋ ಬೆಳೆದಿದ್ದವು. ಅವುಗಳ ಸಂದಿನಿಂದ ಉಗುರಿನಷ್ಟು ಸಣ್ಣ ಮೀನುಗಳು ಹೊರಬಂದು ಅವನ ಕೈ ಮುಟ್ಟಿ ಹೋದವು. ಮೇಲೆ ಬಂದಾಗ ಜೆಟ್ಟಿ ಕಟ್ಟಿಸುವ ಎಂಜಿನಿಯರ್ ಕೆಳಗೇನಿದೆ ಎಂದು ಕೇಳಿದ, "ಕ್ಯಾ ಹೈ ನೀಚೆ?"

ಈ ಕೆಲಸ ಸಲೀಸಾಗಿ ಮುಗಿದರೆ ನಿನ್ನ ನೌಕರಿ ಕಾಯಂ ಎಂದು ಹಿಂದಿನ ಸಂಜೆಯೇ ಆ ಎಂಜಿನಿಯರ್ ಹೇಳಿದ್ದ.

"ಖಾಲಿ ಪತ್ಥರ್ ಹೈ, ಸಾಬ್," ಬರೀ ಕಲ್ಲು ಎಂದುಬಿಟ್ಟ ಅಂಬಾರಾಯ.

ತಾಂಡೇಲ ಕೊಟ್ಟ ಮಾತಿನಂತೆ ತನ್ನ ಜನರನ್ನು ಕರೆದುಕೊಂಡು ಪಕ್ಕಕ್ಕೆ ಸರಿದ. ಸಿಡಿಮದ್ದು ಇಟ್ಟವನೂ ಅಂಬಾರಾಯನೇ. ಎರಡು ದಿನ ಸತ್ತ ಮೀನು ತೇಲಿದವು.

ನೌಕರಿ ಕಾಯಮಾಯಿತು. ಠಾಕುರ್ಲಿಯ ಚಾಳಿನಲ್ಲಿ ಇರಲು ಒಂದು ಖೋಲಿ, ಸಣ್ಣ ಕೋಣೆ, ಸಿಕ್ಕಿತು. ಹೆಂಡತಿ ಶರಣಬಸಮ್ಮ ಮಗಳು ಬಾಗಿಯನ್ನು ಕರೆದುಕೊಂಡು ಊರಿನಿಂದ ಬಂದಳು. ಮಳೆಯಾದ ಮೇಲೆ ಹುಲ್ಲು ಚಿಗುರುವ ಹಾಗೆ ನೀರೊಳಗೆ ಒಡೆದದ್ದೆಲ್ಲ ಮತ್ತೆ ಬೆಳೆದಿರುತ್ತದೆ ಎಂದು ಅಂಬಾರಾಯ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹತ್ತು ವರ್ಷದ ನಂತರ ಡೊಂಬಿವ್ಲಿಯಲ್ಲಿ ಬಾಗಿಯ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು, ಮಂಗಳೂರಿನ ಪ್ರೇಮನಾಥ, ಅವಳ ಅಪ್ಪ ಡೈವರ್ ಎಂದು ಕೇಳಿ ಅಂಬಾರಾಯನನ್ನು ಕರೆಸಿದರು. ಸಮುದ್ರದೊಳಗಿನ ಹವಳ ಎಣಿಸಿ, ಮುರಿದದ್ದನ್ನು ಮತ್ತೆ ನೆಡಲು ಅವರು ಸ್ವಯಂಸೇವಕರ ತಂಡ ಕಟ್ಟುತ್ತಿದ್ದರು. ನೀರೊಳಗಿಳಿಯಲು ಕಲಿಸುವವರು ಬೇಕಾಗಿತ್ತು. ಗೋಡೆಯ ಮೇಲೆ ಹವಳದ ಸ್ಲೈಡ್ ಚಿತ್ರ ಬಿಟ್ಟು ತೋರಿಸಿದರು.

"ಇದು ಕಲ್ಲಿನ ಹಾಗೆ ಕಾಣ್ತದೆ, ಆದರೆ ಜೀವ ಉಂಟು ಮಾರಾಯ್ರೆ. ಒಂದು ಮೊಳ ಬೆಳೀಲಿಕ್ಕೆ ಐವತ್ತು ವರ್ಷ ಬೇಕು."

ಹವಳವೆಂದರೆ ತಾಯಿಯ ಕೊರಳಿನ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ಅಂಬಾರಾಯ ಆ ಚಿತ್ರದಲ್ಲಿ ತಾನು ಒಡೆದ ಜಿಂಕೆಯ ಕೊಂಬನ್ನು ಗುರುತಿಸಿದ. ಐವತ್ತು ವರ್ಷ!

"ನಂಗೊಂದು ಜಾಗ ಗೊತ್ತದರಿ ಸರ್," ಎಂದ. ಹೇಗೆ ಗೊತ್ತು ಎಂದು ಹೇಳಲಿಲ್ಲ.

ಠಾಣೆಯ ಈಜುಕೊಳದಲ್ಲಿ ಬಾಗಿಗೂ ಇನ್ನು ಆರು ಜನಕ್ಕೂ ಬೆನ್ನಿಗೆ ಸಿಲಿಂಡರ್ ಕಟ್ಟಿ ಉಸಿರಾಡಲು ಕಲಿಸಿದ. ರಜೆ ಬಂದಾಗಲೆಲ್ಲ ಆ ಬಂದರಿಗೆ ಹೋದರು. ದೋಣಿ ಕೊಟ್ಟವನು ಅದೇ ತಾಂಡೇಲ. ಗಡ್ಡ ಬಿಟ್ಟ, ತಲೆ ನರೆತ ಅಂಬಾರಾಯನ ಗುರುತು ಅವನಿಗೆ ಹತ್ತಲಿಲ್ಲ. ಕೆಳಗೆ ದಿಬ್ಬದ ಅಂಚಿನಲ್ಲಷ್ಟೇ ಜೀವವಿತ್ತು. ಉಳಿದದ್ದು ಬೂದು ಬಣ್ಣದ ಪುಡಿ. ಅಂಚಿನಲ್ಲಿ ಮುರಿದು ಬಿದ್ದಿದ್ದ ಜೀವಂತ ತುಂಡುಗಳನ್ನು ಹೆಕ್ಕಿ ನೈಲಾನ್ ದಾರದಿಂದ ಕಲ್ಲಿಗೆ ಕಟ್ಟಿದರು. ತಮ್ಮ ಬರಹದಲ್ಲಿ ನಾಶಕ್ಕೆ ಕಾರಣ ಏನೆಂಬಲ್ಲಿ ಪ್ರೇಮನಾಥರು ಮೀನುಗಾರರನ್ನು ವಿಚಾರಿಸದೆಯೇ 'ಬಿರುಗಾಳಿ' ಎಂದು ಬರೆದುಕೊಂಡರು. ಅಂಬಾರಾಯ ನೋಡಿಯೂ ಸುಮ್ಮನಿದ್ದ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಡೊಂಬಿವ್ಲಿ ಪ್ಲಾಟ್‌ಫಾರ್ಮಿನಲ್ಲಿ, ಆ ಬರಹವನ್ನು ಅಚ್ಚಿಗೆ ಕಳಿಸುತ್ತಿದ್ದೇನೆ ಎಂದು ಪ್ರೇಮನಾಥರು ಹೇಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ಬಿರುಗಾಳಿ ಅಲ್ಲರಿ ಸರ್. ನಾನೇ ಒಡದೀನಿ. ಜೀವ ಅದ ಅಂತ ಕಣ್ಣಾರೆ ನೋಡಿ, ಕಲ್ಲು ಅಂತ ಹೇಳೀನಿ."

ಪ್ರೇಮನಾಥರು ಬಂದ ಲೋಕಲ್ ರೈಲನ್ನು ಹತ್ತದೆ ಬಿಟ್ಟರು. ಆಮೇಲೆ, "ಎರಡು ವರ್ಷ ನನ್ನ ಕೈಯಲ್ಲಿ ಸುಳ್ಳು ಬರೆಸಿದಿರಲ್ಲ," ಎಂದರು. "ನನಗೆ ಹೇಳಿ ಏನು ಪ್ರಯೋಜನ? ಆ ತಾಂಡೇಲನಿಗೆ ಹೇಳಿ."

ಮನೆಯಲ್ಲಿ ಶರಣಬಸಮ್ಮ ಎಲ್ಲ ಕೇಳಿ, ಗೋಡೆ ಸುತ್ತ ಕಣ್ಣು ಹಾಯಿಸಿದಳು. "ಹಂಗಾರ ಈ ಖೋಲಿ ಆ ಸುಳ್ಳಿನಿಂದ ಬಂದದ್ದೇನು?" ಬಾಗಿ ಎದ್ದು ಹೊರಗೆ ಹೋದಳು.

ಮುಂದಿನ ರಜೆಯಲ್ಲಿ ಅಂಬಾರಾಯ ದಡದಲ್ಲೇ ತಾಂಡೇಲನ ಮುಂದೆ ನಿಂತು ತನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ. ಮುದುಕ ಬಲೆ ಹೊಲಿಯುವುದನ್ನು ನಿಲ್ಲಿಸಿದ. ಬೈಯಲಿಲ್ಲ. "ಅಂದು ಹುಡುಗರು ದೋಣಿ ಅಡ್ಡ ನಿಲ್ಲಿಸೋಣ ಅಂದಿದ್ದರು. ಕೆಳಗಿಳಿದವನು ಸುಳ್ಳು ಹೇಳುವುದಿಲ್ಲ ಎಂದು ಅವರನ್ನು ತಡೆದವನು ನಾನು. ಮೀನು ಹೋದ ಮೇಲೆ ಅವರು ನನ್ನನ್ನೇ ದೂರಿದರು," ಎಂದ. ಅಷ್ಟೇ. ಮರುದಿನವೂ ದೋಣಿ ತಂದ. ಅಂಬಾರಾಯನ ಕಡೆ ಮಾತ್ರ ತಿರುಗಲಿಲ್ಲ.

ಅಚ್ಚಾದ ಬರಹದಲ್ಲಿ ಕಾರಣ ಸರಿಯಾಗಿ ಬಂತು, ಅವನ ಹೆಸರಿನೊಂದಿಗೆ. ಹೆಸರು ಹಾಕಲೇಬೇಕೆಂದವನು ಅಂಬಾರಾಯನೇ.

೧೯೮೮ರಲ್ಲಿ ಕಿವಿಯ ತಮಟೆ ಹರಿದು ಅವನು ಮುಳುಗುವುದು ನಿಂತಿತು. ಆದರೂ ಹೋಗುತ್ತಿದ್ದ. ದೋಣಿಯಲ್ಲಿ ಕೂತು, ಮುಳುಗಿದ ಬಾಗಿಯ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುತ್ತಿದ್ದ. ಮರುವರ್ಷ ಅವಳು ಮೇಲೆ ಬಂದು, ಬಾಯಿಯ ನಳಿಗೆ ತೆಗೆದು, "ಬಾಬಾ, ಏಕೋಣೀಸ್!" ಎಂದು ಕೂಗಿದಳು. ಕಟ್ಟಿದ ಅರವತ್ತು ತುಂಡುಗಳಲ್ಲಿ ಹತ್ತೊಂಬತ್ತು ಬದುಕಿದ್ದವು, ಬೆರಳಗಲ ಬೆಳೆದಿದ್ದವು.

ಅಂಬಾರಾಯ ತಾಂಡೇಲನ ಕಡೆ ನೋಡಿದ. ಮುದುಕ ಅವನ ನೋಟ ತಪ್ಪಿಸಿ, ಬಾಗಿಗೆ ಕೈ ನೀಡಿ ದೋಣಿಗೆ ಹತ್ತಿಸಿಕೊಂಡ.